ಮುಂದಿದ್ದೀವಾ, ಹಿಂದಿದ್ದೀವಾ? ಗುರಿ ತೋರಿಸುವ ಚಾರ್ಟ್ ಆರಿಸುವ ಬಗ್ಗೆ

(ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಅಂಕಿಅಂಶದ ಕೆಲಸ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಬಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಚಿಕ್ಕ ಚೌಕ ಬರುತ್ತದೆ. ಜಲಾಶಯಗಳ ನೀರಿನ ಮಟ್ಟ. ಕೆಆರ್‌ಎಸ್‌ನದ್ದಾದರೆ ಗರಿಷ್ಠ ಮಟ್ಟ 124.80 ಅಡಿ ಅಂತ ಇರುತ್ತದೆ. ಅದರ ಕೆಳಗೆ ಇಂದಿನ ಮಟ್ಟ. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಜೊತೆಗೆ ‘ಕಳೆದ ವರ್ಷ ಇದೇ ದಿನ’. ಮಂಡ್ಯ ಕಡೆಯ ರೈತರು ಈ ಚೌಕ ಓದುವುದನ್ನು ಗಮನಿಸಿ. ಇಂದಿನ ಮಟ್ಟ ನೋಡಿದ ಕೂಡಲೇ ಕಣ್ಣು ಕಳೆದ ವರ್ಷದ ಅಂಕಿಗೆ ಹೋಗುತ್ತದೆ. ಆಮೇಲೆ ಒಳಹರಿವಿಗೆ. ನಾಲೆಗೆ ನೀರು ಬಿಡುತ್ತಾರಾ, ಭತ್ತಕ್ಕೆ ಒಟ್ಟಲು ಹಾಕಬಹುದಾ ಅನ್ನುವ ಅಂದಾಜು ಅಷ್ಟರಲ್ಲೇ ಆಗಿಬಿಡುತ್ತದೆ.

ಆ ಚೌಕವನ್ನು ನಾನು ಬಹಳ ಒಳ್ಳೆಯ ಡ್ಯಾಶ್‌ಬೋರ್ಡ್ ಅಂತ ಕರೆಯುತ್ತೇನೆ. ಡ್ಯಾಶ್‌ಬೋರ್ಡ್ ಅಂದರೆ ಕೆಲಸ ಎಲ್ಲಿಗೆ ಬಂದಿದೆ ಅಂತ ಒಂದೇ ನೋಟಕ್ಕೆ ತೋರಿಸುವ ಫಲಕ. ಚಿತ್ರ ಇಲ್ಲ, ಬಣ್ಣ ಇಲ್ಲ. ಆದರೆ ಗುರಿ ಎಲ್ಲಿದೆ, ಈಗ ಎಲ್ಲಿದ್ದೇವೆ, ಈ ಹೊತ್ತಿಗೆ ಎಲ್ಲಿರಬೇಕಿತ್ತು, ಯಾವ ವೇಗದಲ್ಲಿ ಹೋಗುತ್ತಿದ್ದೇವೆ ಅನ್ನುವ ನಾಲ್ಕೂ ಅದರಲ್ಲಿವೆ. ನಾವು ಕಂಪ್ಯೂಟರಿನಲ್ಲಿ ಮಾಡುವ ಹೆಚ್ಚಿನ ಡ್ಯಾಶ್‌ಬೋರ್ಡುಗಳಲ್ಲಿ ಮೊದಲ ಎರಡೇ ಇರುತ್ತವೆ. ಇವತ್ತು ನಾನು ಜಾಸ್ತಿ ಮಾತಾಡುವುದು ಮೂರನೆಯದರ ಬಗ್ಗೆ. ಈ ಹೊತ್ತಿಗೆ ಎಲ್ಲಿರಬೇಕಿತ್ತು?

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಒಬ್ಬ ಆರೋಗ್ಯ ಸಹಾಯಕಿ. ಕೆಲವು ವರ್ಷಗಳ ಹಿಂದೆ ಮಕ್ಕಳ ಲಸಿಕೆಯ ಕೆಲಸಕ್ಕೆ ಒಂದು ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೆ. ವರ್ಷದ ಗುರಿಯಲ್ಲಿ ನೂರಕ್ಕೆ ಎಷ್ಟು ಆಗಿದೆ ಅಂತ ತೋರಿಸಲು ಪ್ರತಿ ಉಪಕೇಂದ್ರಕ್ಕೂ ಒಂದು ಗೇಜ್. ಸ್ಕೂಟರಿನ ಸ್ಪೀಡೋಮೀಟರ್ ತರಹ ಅರ್ಧ ವೃತ್ತ, ಅದರೊಳಗೆ ಒಂದು ಮುಳ್ಳು. ನಲವತ್ತರವರೆಗೆ ಕೆಂಪು, ಅರವತ್ತರವರೆಗೆ ಹಳದಿ, ಅಲ್ಲಿಂದಾಚೆ ಹಸಿರು. ಜನವರಿ ಮೊದಲ ವಾರದ ಸಭೆಯಲ್ಲಿ ಅದನ್ನು ತೋರಿಸಿದೆ. ಹಿರಿಯ ಸಿಸ್ಟರ್ ಒಬ್ಬರು ತಮ್ಮ ಗೇಜನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಮೇಡಂ, ನಮ್ಮದು ಡಿಸೆಂಬರ್ ಕೊನೆಗೆ ಅರವತ್ತೆರಡು ಅಂತ ತೋರಿಸ್ತಿದೆ. ಹಸಿರಲ್ಲೂ ಇದೆ. ಹಂಗಂದ್ರೆ ನಾವು ಮುಂದಿದ್ದೀವಾ, ಹಿಂದಿದ್ದೀವಾ?”

ಗೇಜಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಲಸಿಕೆಯ ಲೆಕ್ಕ ಏಪ್ರಿಲ್‌ನಿಂದ ಶುರುವಾಗುತ್ತದೆ. ಅಕ್ಟೋಬರ್ ಕೊನೆಗೆ ಏಳು ತಿಂಗಳು ಮುಗಿದಿರುತ್ತವೆ. ಆಗ 58 ಆಗಿದ್ದರೆ ಸಾಕು. 62 ಅಂದರೆ ಮುಂದಿದ್ದೀರಿ ಅಂತ ಅರ್ಥ. ಡಿಸೆಂಬರ್ ಕೊನೆಗೆ ಒಂಬತ್ತು ತಿಂಗಳು ಮುಗಿದು 75 ಆಗಿರಬೇಕು. ಅದೇ 62 ಈಗ ಹದಿಮೂರು ಹಿಂದೆ. ಅಂಕಿ ಒಂದೇ, ಮುಳ್ಳು ನಿಂತ ಜಾಗವೂ ಒಂದೇ, ಬಣ್ಣವೂ ಹಸಿರೇ. ಆದರೆ ಎರಡು ತಿಂಗಳಲ್ಲಿ ಅರ್ಥ ಪೂರ್ತಿ ತಲೆಕೆಳಗಾಗಿದೆ. ನಮ್ಮ ಗೇಜಿಗೆ ತಿಂಗಳು ಯಾವುದು ಅಂತಲೇ ಗೊತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಸಿಸ್ಟರ್ ನನ್ನನ್ನು ತಮ್ಮ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಒಂದು ಹಾಳೆ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಉಪಕೇಂದ್ರಗಳಲ್ಲಿ ನೀವೂ ಇದನ್ನು ನೋಡಿರಬಹುದು. ಲಸಿಕೆ ಕೆಲಸದ ತರಬೇತಿಯಲ್ಲಿ ಹೇಳಿಕೊಡುವ ಚಾರ್ಟ್ ಅದು. ಕೆಳಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳುಗಳು. ಪಕ್ಕದಲ್ಲಿ ಮಕ್ಕಳ ಸಂಖ್ಯೆ. ಸೊನ್ನೆಯಿಂದ ಹೊರಟು ಮೇಲಿನ ಬಲ ಮೂಲೆಗೆ ಹೋಗುವ ಒಂದು ಓರೆ ಗೆರೆ. ಅದು ಇರಬೇಕಾದ ಗೆರೆ. ಪ್ರತಿ ತಿಂಗಳೂ ಅಲ್ಲಿಯವರೆಗಿನ ಒಟ್ಟು ಮಕ್ಕಳನ್ನು ಕೂಡಿ ಒಂದು ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಸೇರಿಸುತ್ತಾರೆ. ನಿಮ್ಮ ಗೆರೆ ಓರೆ ಗೆರೆಯ ಮೇಲಿದ್ದರೆ ಮುಂದಿದ್ದೀರಿ. ಕೆಳಗಿದ್ದರೆ ಹಿಂದಿದ್ದೀರಿ. ಓದಲು ಬೇರೆ ಏನೂ ಬೇಕಿಲ್ಲ.

ಈ ಚಾರ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಗುರಿ ತೋರಿಸುವ ಚಾರ್ಟುಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಒಂದು ಉಪಕೇಂದ್ರದಲ್ಲಿ ವರ್ಷಕ್ಕೆ 240 ಮಕ್ಕಳು ಅಂದುಕೊಳ್ಳೋಣ. ತಿಂಗಳಿಗೆ 20. ಡಿಸೆಂಬರ್ ಕೊನೆಗೆ 180 ಮಕ್ಕಳಿಗೆ ಪೆಂಟಾ ಲಸಿಕೆಯ (ಐದು ರೋಗಗಳಿಗೆ ಒಟ್ಟಿಗೆ ಕೊಡುವ ಲಸಿಕೆ) ಮೂರನೇ ಡೋಸ್ ಆಗಿರಬೇಕು. ಆಗಿರುವುದು 149. ಅದೇ ನಮ್ಮ 62 ಪರ್ಸೆಂಟ್. ಗೋಡೆಯ ಚಾರ್ಟಿನಲ್ಲಿ ಎರಡು ಗೆರೆಗಳ ನಡುವಿನ ಅಂತರ 31. ಆ 31 ಅಂದರೆ 31 ಮಕ್ಕಳು. ಅವರಿಗೆ ಊರಿದೆ, ಮನೆಯಿದೆ. ಹಲವರ ಹೆಸರು ರಿಜಿಸ್ಟರಿನಲ್ಲೂ ಇದೆ. ಪರ್ಸೆಂಟ್ ನೋಡಿ ಯಾರ ಮನೆಗೂ ಹೋಗಲು ಆಗುವುದಿಲ್ಲ. 31 ಮಕ್ಕಳ ಮನೆಗೆ ಹೋಗಬಹುದು.

ಇದೇ ಹಾಳೆಯಲ್ಲಿ ಇನ್ನೊಂದು ಗೆರೆಯೂ ಇರುತ್ತದೆ. ಪೆಂಟಾ ಮೊದಲ ಡೋಸಿನದು. ಮೊದಲನೆಯದು ಮಗುವಿಗೆ ಆರು ವಾರ ಆದಾಗ, ಎರಡನೆಯದು ಹತ್ತನೇ ವಾರಕ್ಕೆ, ಮೂರನೆಯದು ಹದಿನಾಲ್ಕನೇ ವಾರಕ್ಕೆ. ಮೊದಲ ಡೋಸ್ 170 ಮಕ್ಕಳಿಗೆ ಆಗಿದೆ ಅಂದುಕೊಳ್ಳಿ. ಈಗ ಆ 31 ಎರಡಾಗಿ ಒಡೆಯುತ್ತದೆ. ಇರಬೇಕಾದ ಗೆರೆಗೂ ಮೊದಲ ಡೋಸಿನ ಗೆರೆಗೂ ನಡುವೆ 10 ಮಕ್ಕಳು. ಇವರು ಬಂದೇ ಇಲ್ಲ. ಮೊದಲ ಡೋಸಿಗೂ ಮೂರನೇ ಡೋಸಿಗೂ ನಡುವೆ 21 ಮಕ್ಕಳು. ಇವರು ಬಂದರು, ಆಮೇಲೆ ಬಿಟ್ಟರು. 170ರಲ್ಲಿ 21 ಅಂದರೆ ನೂರಕ್ಕೆ 12ಕ್ಕಿಂತ ಹೆಚ್ಚು. ಇದು ಹತ್ತನ್ನು ದಾಟಿದರೆ ಚಿಂತೆ ಮಾಡಬೇಕು ಅಂತ ಲಸಿಕೆ ಕೆಲಸದವರು ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಮೊದಲ ಡೋಸ್ ಪಡೆದ ಮಕ್ಕಳಿಗೆ ಮೂರನೆಯದರ ಹೊತ್ತು ಇನ್ನೂ ಬಂದಿರುವುದಿಲ್ಲ, ನಿಜ. ಆದರೆ ಏಪ್ರಿಲ್‌ನಲ್ಲಿ ಮೂರನೇ ಡೋಸ್ ಪಡೆದ ಮಕ್ಕಳು ಮೊದಲನೆಯದನ್ನು ಹಿಂದಿನ ಲೆಕ್ಕದ ವರ್ಷದಲ್ಲಿ ಪಡೆದಿರುತ್ತಾರೆ. ಹಾಗಾಗಿ ಎರಡು ಗೆರೆಗಳ ಹೋಲಿಕೆ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ.

ಎರಡು ಅಂತರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಬಂದೇ ಇಲ್ಲದವರು ದೂರದ ತಾಂಡಾದವರು ಇರಬಹುದು, ಕಬ್ಬು ಕಡಿಯಲು ಬಂದು ಶೆಡ್ಡಿನಲ್ಲಿರುವ ಕುಟುಂಬದವರು ಇರಬಹುದು. ಬಂದು ಬಿಟ್ಟವರ ಕಥೆ ಬೇರೆ. ಸೂಜಿ ಹಾಕಿದ ರಾತ್ರಿ ಮಗುವಿಗೆ ಜ್ವರ ಬಂದಿರುತ್ತದೆ, ತಾಯಿ ಹೆದರಿರುತ್ತಾಳೆ. ಇಲ್ಲವೇ ಬಾಣಂತನಕ್ಕೆ ತವರಿಗೆ ಬಂದವಳು ಮೊದಲ ಡೋಸ್ ಇಲ್ಲಿ ಹಾಕಿಸಿ, ಗಂಡನ ಮನೆಗೆ ವಾಪಸ್ ಹೋಗಿರುತ್ತಾಳೆ. ಸಿಸ್ಟರ್ ಆ ಎರಡು ಗೆರೆಗಳ ಮಧ್ಯೆ ಬೆರಳಿಟ್ಟು, “ಇದು ತವರಿನ ಲೆಕ್ಕ ಮೇಡಂ” ಅಂದರು. ಮೂರು ಗೆರೆ ಇಷ್ಟೆಲ್ಲಾ ಹೇಳುತ್ತವೆ. ನನ್ನ ಗೇಜ್ ಹೇಳಿದ್ದು 62, ಹಸಿರು.

ಹಾಗಾದರೆ ಗೇಜ್ ಎಲ್ಲಿಂದ ಬಂತು? ವಾಹನದಿಂದ. ಅಲ್ಲಿ ಅದು ಸರಿಯಾಗೇ ಇದೆ. ಗಾಡಿ ಓಡಿಸುವವರಿಗೆ ಈ ಕ್ಷಣದ ವೇಗ ಬೇಕು, ನಿನ್ನೆಯದು ಬೇಡ. ರಸ್ತೆಯಿಂದ ಕಣ್ಣು ತೆಗೆದು ಒಂದು ಗಳಿಗೆ ನೋಡಿ ಮತ್ತೆ ರಸ್ತೆ ನೋಡಬೇಕು. ಮುಳ್ಳು ಅದಕ್ಕೆ ಸಾಕು. ಆದರೆ ವರ್ಷದ ಗುರಿ ಅಂಥದ್ದಲ್ಲ. ಅದಕ್ಕೆ ಶುರು ಇದೆ, ಗಡುವು ಇದೆ, ನಡುವೆ ಒಂದು ದಾರಿ ಇದೆ. ಆ ದಾರಿಯನ್ನು ಗೇಜ್ ತೋರಿಸಲಾರದು. ಉಂಗುರದ ಆಕಾರದ ಡೋನಟ್ ಚಾರ್ಟಿನದೂ ಇದೇ ಕೊರತೆ. ಜೊತೆಗೆ ಇನ್ನೊಂದು ತೊಂದರೆ: ಗುರಿ ಮೀರಿ 120 ಪರ್ಸೆಂಟ್ ಆದರೆ ಉಂಗುರ ಏನು ಮಾಡಬೇಕು? ಅದು ನೂರಕ್ಕೇ ಮುಚ್ಚಿಕೊಂಡುಬಿಡುತ್ತದೆ.

ಕಣ್ಣಿನ ವಿಷಯವೂ ಇದೆ. 1984ರಲ್ಲಿ ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಜನರಿಗೆ ಬೇರೆ ಬೇರೆ ಚಾರ್ಟು ತೋರಿಸಿ ಅಳತೆ ಊಹಿಸಲು ಹೇಳಿದರು. ಒಂದೇ ಅಳತೆಪಟ್ಟಿಯ ಮೇಲಿನ ಜಾಗಗಳನ್ನು ಹೋಲಿಸುವಾಗ ತಪ್ಪು ಕಡಿಮೆ. ಕೋನ ಅಳೆಯುವಾಗ ತಪ್ಪು ಜಾಸ್ತಿ. ಒಂದು ಗೇಜ್ ಇದ್ದರೆ ಪರವಾಗಿಲ್ಲ ಅನ್ನಬಹುದು. ಹನ್ನೆರಡು ಗೇಜ್ ಸಾಲಾಗಿ ಇಟ್ಟು ಯಾರು ಹಿಂದೆ ಅಂತ ಕೇಳಿದರೆ ಪ್ರತಿ ಮುಳ್ಳಿನ ಕೋನವನ್ನೂ ನೆನಪಿಟ್ಟುಕೊಳ್ಳಬೇಕು. ಅದೇ ಹನ್ನೆರಡು ಅಂಕಿಗಳನ್ನು ಮಲಗಿಸಿದ ಬಾರ್ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಜಾಗ ಕಡಿಮೆ ಇದ್ದು, ಓರೆ ಗೆರೆಯ ಚಾರ್ಟ್ ಹಿಡಿಸದಿದ್ದರೆ ನಾನು ಆರಿಸುವುದು ಬುಲೆಟ್ ಚಾರ್ಟ್. ಸ್ಟೀಫನ್ ಫ್ಯೂ ಅನ್ನುವವರು ಗೇಜಿನ ಬದಲಿಗೆ ಅಂತಲೇ ಇದನ್ನು ರೂಪಿಸಿದರು. ಒಂದು ಬಾರ್, ಅಷ್ಟೇ. ಗುರಿ ಇರುವ ಕಡೆ ಬಾರಿಗೆ ಅಡ್ಡಲಾಗಿ ಒಂದು ಚಿಕ್ಕ ಗೆರೆ. ಹಿಂದೆ ಒಂದೇ ಬಣ್ಣದ ಎರಡು ಮೂರು ಛಾಯೆ, ಸಾಲದು, ಪರವಾಗಿಲ್ಲ, ಚೆನ್ನಾಗಿದೆ ಅಂತ. ನಾನು ಇದರಲ್ಲಿ ಒಂದು ಬದಲಾವಣೆ ಮಾಡಿಕೊಳ್ಳುತ್ತೇನೆ. ಅಡ್ಡ ಗೆರೆಯನ್ನು ವರ್ಷದ ಕೊನೆಯ ಗುರಿಗೆ ಇಡುವುದಿಲ್ಲ, ಇವತ್ತಿಗೆ ಇರಬೇಕಾದ ಜಾಗಕ್ಕೆ ಇಡುತ್ತೇನೆ. ಬಾರಿನ ಉದ್ದ 149, ಗೆರೆ 180ರಲ್ಲಿ, ಪಟ್ಟಿ ಮುಗಿಯುವುದು 240ಕ್ಕೆ. ಗೆರೆ ಪ್ರತಿ ತಿಂಗಳೂ ಮುಂದೆ ಸರಿಯುತ್ತದೆ. ಸುಮ್ನೆ ಕೂತರೆ ಗೆರೆ ನಮ್ಮನ್ನು ಬಿಟ್ಟು ಹೋಗುವುದು ಕಣ್ಣಿಗೇ ಕಾಣುತ್ತದೆ.

ಇರಬೇಕಾದ ಗೆರೆ ಯಾವಾಗಲೂ ನೇರವಾಗಿರಬೇಕು ಅಂತಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಮಕ್ಕಳು ತಿಂಗಳು ತಿಂಗಳೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹುಟ್ಟುತ್ತಾರೆ, ಹಾಗಾಗಿ ಅಲ್ಲಿ ನೇರ ಗೆರೆ ಸರಿ. ಮುಂಗಾರು ಬಿತ್ತನೆಗೆ ನೇರ ಗೆರೆ ಹಾಕಿದರೆ ಅನ್ಯಾಯ. ಮಳೆ ಬಿದ್ದ ಎರಡು ಮೂರು ವಾರದಲ್ಲಿ ಒಟ್ಟಿಗೆ ಬಿತ್ತನೆ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಗೆರೆ ಎಸ್ ಅಕ್ಷರದ ತರಹ ಬಾಗಿರುತ್ತದೆ. ಜೂನ್ ಮಧ್ಯದಲ್ಲಿ ನೇರ ಗೆರೆಯ ಕೆಳಗಿದ್ದಾರೆ ಅಂತ ಒಂದು ತಾಲ್ಲೂಕನ್ನು ಕೆಂಪು ಮಾಡಿದರೆ ನೀವು ಬೈಯುತ್ತಿರುವುದು ಮಳೆಯನ್ನು. ಅಲ್ಲಿ ಹಿಂದಿನ ಕೆಲವು ವರ್ಷಗಳ ಸರಾಸರಿ ದಾರಿಯನ್ನೇ ಇರಬೇಕಾದ ಗೆರೆ ಮಾಡಿ. ಪತ್ರಿಕೆಯ ಚೌಕದಲ್ಲಿ ‘ಕಳೆದ ವರ್ಷ ಇದೇ ದಿನ’ ಮಾಡುವ ಕೆಲಸ ಇದೇ ಅಲ್ವಾ? ಕೆಆರ್‌ಎಸ್ ದಿನಕ್ಕೆ ಇಷ್ಟು ಅಡಿ ಅಂತ ಲೆಕ್ಕ ಹಾಕಿ ತುಂಬುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ಜಲಾಶಯದ ಮಾತು ಬಂತು, ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಇದು ಸಮುದ್ರ ಮಟ್ಟದಿಂದ ಅಳೆದದ್ದು. 1600 ಅಡಿ ನೀರಿದೆ ಅಂದಾಗ ಸೊನ್ನೆಯಿಂದ ಬಾರ್ ಎಳೆದರೆ ನೂರಕ್ಕೆ 98 ತುಂಬಿದಂತೆ ಕಾಣುತ್ತದೆ. ನಿಜಕ್ಕೂ ಅರ್ಧವೂ ತುಂಬಿರುವುದಿಲ್ಲ. ಕೆಆರ್‌ಎಸ್‌ನ 124.80 ಸಮುದ್ರ ಮಟ್ಟದ ಲೆಕ್ಕವಲ್ಲ, ಆದರೂ ಅಲ್ಲೂ ಅಡಿ ನಂಬುವಂತಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮಟ್ಟ 100 ಅಡಿ ಇದ್ದಾಗ ಎತ್ತರದಲ್ಲಿ ನೂರಕ್ಕೆ 80. ನೀರಿನ ಲೆಕ್ಕದಲ್ಲಿ ಪೂರ್ತಿ 49.45 ಟಿಎಂಸಿಯ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಬಾರ್ ಎಳೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಸೊನ್ನೆ ಅಂದರೆ ನಿಜವಾಗಿ ಏನೂ ಇಲ್ಲ ಅಂತಲೇ? ನಾನು ಅಳೆಯುತ್ತಿರುವುದು ಜನರಿಗೆ ಬೇಕಾದದ್ದನ್ನೇ? ರೈತರಿಗೆ ಬೇಕಿರುವುದು ನೀರು.

ಈಗ ದೊಡ್ಡ ಗುರಿಯೊಂದನ್ನು ನೋಡೋಣ. ಜಲ ಜೀವನ ಮಿಷನ್, ಹಳ್ಳಿಯ ಮನೆಗಳಿಗೆ ನಲ್ಲಿ ನೀರು ಕೊಡುವ ಕೇಂದ್ರ ಸರ್ಕಾರದ ಯೋಜನೆ. 2019ರ ಆಗಸ್ಟ್ 15ರಂದು ಇದು ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದದ್ದು 3.23 ಕೋಟಿ ಮನೆಗಳಿಗೆ. ನೂರಕ್ಕೆ ಸುಮಾರು 17. 2024ರೊಳಗೆ ಎಲ್ಲ ಮನೆಗೂ ಅನ್ನುವುದು ಗುರಿ. 2025ರ ಬಜೆಟ್ ಹೊತ್ತಿಗೆ 15 ಕೋಟಿ ದಾಟಿ ನೂರಕ್ಕೆ 80ರ ಹತ್ತಿರ ಬಂದಿತ್ತು. ಅದೇ ಬಜೆಟ್‌ನಲ್ಲಿ ಗಡುವನ್ನು 2028ಕ್ಕೆ ಮುಂದೂಡಿದರು.

ಇದನ್ನು ಒಂದೇ ಚಾರ್ಟಿನಲ್ಲಿ ಹೇಗೆ ತೋರಿಸುವುದು? ಬರೀ 80 ಅಂತ ತೋರಿಸಿದರೆ 17ರಿಂದ ಬಂದ ದೂರ ಕಾಣುವುದಿಲ್ಲ. ಅದು ಕೆಲಸ ಮಾಡಿದವರಿಗೆ ಅನ್ಯಾಯ. ಹೊಸ ಗಡುವಿನ ಗೆರೆ ಮಾತ್ರ ಹಾಕಿದರೆ ಎಲ್ಲ ಸರಿಯಾಗಿ ನಡೆಯುತ್ತಿದೆ ಅನಿಸುತ್ತದೆ. ಅದು ನಲ್ಲಿಗಾಗಿ ಕಾಯುತ್ತಿರುವವರಿಗೆ ಅನ್ಯಾಯ. ನಾನಾದರೆ ಎರಡು ಗೆರೆ ಹಾಕುತ್ತೇನೆ. 2019ರ 17ರಿಂದ 2024ರ ನೂರಕ್ಕೆ ಹೋಗುವ ಹಳೆಯ ಗೆರೆ, ತೆಳುವಾಗಿ. ಈಗಿನ ಜಾಗದಿಂದ 2028ಕ್ಕೆ ಹೋಗುವ ಹೊಸ ಗೆರೆ, ಸ್ವಲ್ಪ ಗಟ್ಟಿಯಾಗಿ. ಗುರಿ ಬದಲಾದರೆ ಹಳೆಯ ಗುರಿಯನ್ನು ಅಳಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಗುರಿ ಬದಲಿಸುವುದು ತಪ್ಪಲ್ಲ. ಬದಲಾಗಿದ್ದು ಕಾಣದಂತೆ ಮಾಡುವುದು ತಪ್ಪು.

ಇನ್ನೂ ಒಂದು ಮಾತು. ನಲ್ಲಿ ಹಾಕುವುದು ಕೂಡುತ್ತಾ ಹೋಗುವ ಗುರಿ. ಇವತ್ತು ಹಾಕಿದ ನಲ್ಲಿ ನಾಳೆಯೂ ಲೆಕ್ಕದಲ್ಲಿರುತ್ತದೆ. ಆದರೆ ಅದೇ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅಂತಲೂ ಹೇಳುತ್ತದೆ. ಅದು ದಿನಾ ಕಾಪಾಡಿಕೊಳ್ಳಬೇಕಾದ ಗುರಿ. ಅದಕ್ಕೆ ಏರುತ್ತಾ ಹೋಗುವ ಗೆರೆ ಹೊಂದುವುದಿಲ್ಲ. 55ಕ್ಕೆ ಒಂದು ಅಡ್ಡಗೆರೆ ಹಾಕಿ, ದಿನ ದಿನದ ಅಂಕಿಯನ್ನು ಅದರ ಮೇಲೋ ಕೆಳಗೋ ಇಡಬೇಕು. ಸರಾಸರಿ ತೆಗೆಯಬೇಡಿ. ಒಂದು ದಿನ 110 ಲೀಟರ್, ಮರುದಿನ ಏನೂ ಇಲ್ಲ ಅಂದರೆ ಸರಾಸರಿ 55 ಸರಿಯಾಗೇ ಬರುತ್ತದೆ. ಆ ಮರುದಿನ ಬಿಂದಿಗೆ ಹಿಡಿದು ಹೋಗುವ ಹೆಣ್ಣುಮಗಳು ಸರಾಸರಿಯಲ್ಲಿ ಕಾಣುವುದಿಲ್ಲ. ನನಗೆ ಇಷ್ಟವಾದದ್ದು ಕ್ಯಾಲೆಂಡರ್ ತರಹದ ಚೌಕಗಳು: ನೀರು ಬಂದ ದಿನ ತುಂಬಿದ ಚೌಕ, ಬಾರದ ದಿನ ಖಾಲಿ ಚೌಕ.

ಕಡಿಮೆ ಮಾಡಬೇಕಾದ ಗುರಿಗೆ, ಉದಾಹರಣೆಗೆ ಬಾಕಿ ಅರ್ಜಿಗಳಿಗೆ, ಇಳಿಯುವ ಗೆರೆ ಹಾಕಿ. ಕಟ್ಟಡ ಮುಗಿಸುವಂಥ ಕೆಲಸಕ್ಕೆ ಹಂತಗಳ ಪಟ್ಟಿ, ತಾರೀಖು ಸಾಕು. ಅಡಿಪಾಯ ಆಗಿದೆ ಅಂದರೆ 30 ಪರ್ಸೆಂಟ್ ಅಂತ ಸುಮ್ನೆ ಅಂಕಿ ಕೊಡುವ ಅಗತ್ಯವಿಲ್ಲ. ರಾಜ್ಯದ 31 ಜಿಲ್ಲೆಗಳನ್ನು ಹೋಲಿಸುವುದಾದರೆ ಪ್ರತಿ ಜಿಲ್ಲೆಗೂ ಎರಡು ಚುಕ್ಕಿ, ಶುರುವಿನದು ಮತ್ತು ಈಗಿನದು, ನಡುವೆ ಒಂದು ಗೆರೆ. ಯಾರು ಮೊದಲೇ ಮುಂದಿದ್ದರು, ಯಾರು ದೂರದಿಂದ ನಡೆದು ಬಂದರು ಅನ್ನುವುದು ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಚಿಕ್ಕದಾಗಿ. ನಾವು ಮಾಡಿದ ಚಾರ್ಟ್ ಕೊನೆಗೆ ಜೆರಾಕ್ಸ್ ಆಗಿ ಸಭೆಗೆ ಹೋಗುತ್ತದೆ. ಅಲ್ಲಿ ಕೆಂಪು, ಹಸಿರು ಎರಡೂ ಬೂದು. ಕೆಲವರ ಕಣ್ಣಿಗೆ ಬಣ್ಣದ ಪ್ರಿಂಟಿನಲ್ಲೂ ಆ ಎರಡು ಬೇರೆಯಾಗಿ ಕಾಣುವುದಿಲ್ಲ. ಹಿಂದಿದ್ದಾರೆ ಅನ್ನುವುದನ್ನು ಗೆರೆಯ ಜಾಗ ಹೇಳಲಿ. ಬಣ್ಣ ಇದ್ದರೆ ಜೊತೆಗಿರಲಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಕೂಡುತ್ತಾ ಹೋಗುವ ಗೆರೆ ಯಾವಾಗಲೂ ಮೇಲೇ ಹೋಗುತ್ತದೆ, ಅದನ್ನು ನೋಡಿದವರಿಗೆ ಸುಮ್ಮನೆ ಸಮಾಧಾನ ಆಗುವುದಿಲ್ಲವಾ? ಒಳ್ಳೆಯ ಪ್ರಶ್ನೆ. ಆಗುತ್ತದೆ, ಅದರಲ್ಲೂ ಇರಬೇಕಾದ ಗೆರೆ ಪಕ್ಕದಲ್ಲಿ ಇಲ್ಲದಿದ್ದರೆ. ಅದಕ್ಕೆ ಎರಡು ಕೆಲಸ ಮಾಡಿ. ಕೆಳಗೆ ಚಿಕ್ಕದಾಗಿ ತಿಂಗಳ ಲೆಕ್ಕದ ಬಾರುಗಳನ್ನು ಇಡಿ. ಮತ್ತೆ, ಇನ್ನು ಮುಂದೆ ಬೇಕಾದ ವೇಗವನ್ನು ಅಂಕಿಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ 240ಕ್ಕೆ ಇನ್ನೂ 91 ಮಕ್ಕಳು, ಉಳಿದಿರುವುದು ಮೂರು ತಿಂಗಳು. ತಿಂಗಳಿಗೆ 30. ಇಲ್ಲಿಯವರೆಗೆ ಆಗಿರುವುದು ತಿಂಗಳಿಗೆ 16, 17. ಈ ಎರಡು ಅಂಕಿ ಪಕ್ಕಪಕ್ಕ ಕಂಡರೆ ಯಾರಿಗೂ ಸುಮ್ಮನೆ ಸಮಾಧಾನ ಆಗುವುದಿಲ್ಲ.

ಎಕ್ಸೆಲ್‌ನಲ್ಲಿ ಬುಲೆಟ್ ಚಾರ್ಟ್ ಮಾಡಬಹುದಾ ಅಂತ ಇನ್ನೊಬ್ಬರು ಕೇಳಿದರು. ಮಾಡಬಹುದು. ಅಗಲದ ಬಾರ್ ಹಿಂದೆ, ತೆಳು ಬಾರ್ ಮುಂದೆ. ತೆಳುವಾದದ್ದನ್ನು ಸೆಕೆಂಡರಿ ಆಕ್ಸಿಸ್‌ಗೆ, ಅಂದರೆ ಚಾರ್ಟಿನ ಎರಡನೇ ಅಳತೆಪಟ್ಟಿಗೆ ಹಾಕಬೇಕು. ಅಲ್ಲೊಂದು ಎಚ್ಚರಿಕೆ. ಎಕ್ಸೆಲ್ ಎರಡು ಆಕ್ಸಿಸ್‌ಗೂ ಬೇರೆ ಬೇರೆ ಅಳತೆ ಕೊಟ್ಟುಬಿಡುತ್ತದೆ. ಒಂದು 300ಕ್ಕೆ ಮುಗಿದರೆ ಇನ್ನೊಂದು 160ಕ್ಕೆ ಮುಗಿಯಬಹುದು. ಆಗ 149ರ ಬಾರ್ 240ರ ಬಾರಿಗಿಂತ ಉದ್ದ ಕಾಣುತ್ತದೆ. ಎರಡಕ್ಕೂ ಕನಿಷ್ಠ ಸೊನ್ನೆ, ಗರಿಷ್ಠ ಒಂದೇ ಅಂಕಿ ಅಂತ ನೀವೇ ಕೈಯಾರೆ ಹಾಕಿ. ಆಮೇಲೆ ಎರಡನೇ ಆಕ್ಸಿಸನ್ನು ಕಾಣದಂತೆ ಮಾಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ತಂಗಿಯದ್ದು. ನಮ್ಮಲ್ಲಿ ಡ್ಯಾಶ್‌ಬೋರ್ಡನ್ನು ಯಾರೂ ಕಂಪ್ಯೂಟರಿನಲ್ಲಿ ನೋಡುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ, ಅದಕ್ಕೆ ಏನು ಮಾಡುವುದು ಅಂದಳು. ಅದನ್ನೇ ನಿಜವಾದ ಬಳಕೆ ಅಂತ ತಿಳಿದು ಚಾರ್ಟ್ ಮಾಡಮ್ಮ ಅಂದೆ. ಒಂದು ಸ್ಕ್ರೀನಿಗೆ ಒಂದು ಚಾರ್ಟ್, ದೊಡ್ಡ ಅಕ್ಷರ. ಬೆರಳಿಟ್ಟರೆ ಮಾತ್ರ ಕಾಣುವ ಅಂಕಿ ಬೇಡ, ಸ್ಕ್ರೀನ್‌ಶಾಟಿನಲ್ಲಿ ಅದು ಬರುವುದಿಲ್ಲ. ತಾರೀಖನ್ನು ಮೂಲೆಯಲ್ಲಿ ಇಡಬೇಡ, ಕ್ರಾಪ್ ಮಾಡುವಾಗ ಮೊದಲು ಹೋಗುವುದು ಅದೇ. ಶೀರ್ಷಿಕೆಯಲ್ಲೇ ಸೇರಿಸು: ‘ಡಿಸೆಂಬರ್ 31ಕ್ಕೆ 180 ಮಕ್ಕಳಿಗೆ ಆಗಬೇಕಿತ್ತು, 149 ಮಕ್ಕಳಿಗೆ ಆಗಿದೆ’. ಮೂರು ತಿಂಗಳಾದ ಮೇಲೆ ಯಾರೋ ಅದೇ ಚಿತ್ರವನ್ನು ಮತ್ತೆ ಕಳಿಸಿದರೂ, ಓದುವವರಿಗೆ ಅದು ಯಾವ ದಿನದ ಮಾತು ಅಂತ ಗೊತ್ತಾಗುತ್ತದೆ.